ನೊಗದಳತೆಯ ಎಚ್ಚರ: ಭೋಜ ಸೀಮೆಯಲ್ಲಿ ಅಪಘಾತ, ಅಲಕ್ಷ್ಯ ಮತ್ತು ಪರಿಹಾರ

ದೂಧಗಂಗಾ ಮತ್ತು ವೇದಗಂಗಾ ನದಿಗಳು ಕೂಡುವೆಡೆಯಲ್ಲಿರುವ ಭೋಜ, ಹಿಂದೆ ಚಿಕ್ಕೋಡಿ ತಾಲೂಕಿಗೆ ಸೇರಿದ್ದು ಈಗ ನಿಪ್ಪಾಣಿ ತಾಲೂಕಿನಲ್ಲಿರುವ ಗಡಿಯ ಊರು. ಒಂದು ಕಡೆ ಕಬ್ಬು, ಇನ್ನೊಂದು ಕಡೆ ತಂಬಾಕು, ಕೆಲವೇ ಹರದಾರಿಯಾಚೆ ಪುಣೆ-ಬೆಂಗಳೂರು ಹೆದ್ದಾರಿ, ಅದರಾಚೆ ಮಹಾರಾಷ್ಟ್ರ: ಇವುಗಳ ನಡುವೆ ಬದುಕುವ ಈ ಸೀಮೆಯಲ್ಲಿ ಕೈಕಾಲು ಕಳೆದುಕೊಳ್ಳುವ ಬಗೆಗಳು ಹಲವು. ಗಾಣದ ಉರುಳೆಗಳ ನಡುವೆ ಸಿಕ್ಕ ಬೆರಳು, ಕಬ್ಬಿನ ಟ್ರೇಲರ್‌ ಮಗುಚಿ ಮುರಿದ ಸೊಂಟ, ವಖಾರಿಯ ದೂಳಿನಲ್ಲಿ ವರ್ಷಾನುಗಟ್ಟಲೆ ಸವೆದ ಶ್ವಾಸಕೋಶ, ಹೆದ್ದಾರಿಯಲ್ಲಿ ರಾತ್ರಿ ಬಡಿದು ನಿಲ್ಲದೆ ಹೋದ ಲಾರಿ, ಇವೆಲ್ಲವೂ ನೋವಿನ ದೃಷ್ಟಿಯಿಂದ ಒಂದೇ ಆದರೂ ಕಾನೂನಿನ ದೃಷ್ಟಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳು. ಅಪಘಾತ ಪರಿಹಾರದ ಚರಿತ್ರೆಯನ್ನು ಸಾಮಾನ್ಯವಾಗಿ ಬೆಂಗಳೂರಿನ ಲಘು ವ್ಯವಹಾರಗಳ ನ್ಯಾಯಾಲಯದಂಥ ಮಹಾನಗರದ ಕಟ್ಟೆಗಳಿಂದ ನೋಡಲಾಗುತ್ತದೆ. ಭೋಜದಿಂದ ನೋಡಿದರೆ ಅದೇ ಚರಿತ್ರೆ ಬೇರೆಯದೇ ಆಕಾರ ತಾಳುತ್ತದೆ, ಏಕೆಂದರೆ ಇಲ್ಲಿ ಗಾಯ ಎಷ್ಟು ಆಳವಾದದ್ದು ಎಂಬ ಪ್ರಶ್ನೆಗಿಂತ ಮೊದಲು, ಗಾಯ ಮಾಡಿದ್ದು ಯಾವ ಚಕ್ರ, ಅದಕ್ಕೆ ವಿಮೆ ಇತ್ತೇ, ಬಿದ್ದವನು ಅದರ ಮೇಲೆ ಯಾವ ಹೆಸರಿನಲ್ಲಿ ಕುಳಿತಿದ್ದ ಎಂಬ ಪ್ರಶ್ನೆಗಳೇ ಏಳುತ್ತ ಬಂದಿವೆ.

ಆದರೆ ಅಲಕ್ಷ್ಯ ಎಂಬ ಕಲ್ಪನೆ ಈ ಸೀಮೆಗೆ ಇಂಗ್ಲಿಷರು ಹೊತ್ತು ತಂದ ಸರಕಲ್ಲ. ಭೋಜವು ಇಪ್ಪತ್ತನೆಯ ಶತಮಾನದ ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರ (1872–1955) ಮನೆತನದ ಊರು, ಮತ್ತು ಆ ಪರಂಪರೆಯ ಮೂಲಗ್ರಂಥವಾದ ತತ್ತ್ವಾರ್ಥಸೂತ್ರ ಹಿಂಸೆಗೆ ಕೊಡುವ ಲಕ್ಷಣದಲ್ಲಿ ಪ್ರಮಾದವೇ, ಅಂದರೆ ಎಚ್ಚರಗೇಡಿತನವೇ, ನಿರ್ಣಾಯಕ ಅಂಶವಾಗಿದೆ. ಪ್ರಾಣಹಾನಿ ನಡೆದದ್ದಷ್ಟೇ ಹಿಂಸೆಯಾಗದೆ, ಅದು ಪ್ರಮಾದದಿಂದ ನಡೆದಾಗ ಹಿಂಸೆಯಾಗುತ್ತದೆ. ಮುನಿಗಳು ಪಾಲಿಸಬೇಕಾದ ಐದು ಸಮಿತಿಗಳಲ್ಲಿ ಮೊದಲನೆಯದಾದ ಈರ್ಯಾಸಮಿತಿ, ನಡೆಯುವಾಗ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡೇ ಹೆಜ್ಜೆಯಿಡಬೇಕೆಂದು ವಿಧಿಸುತ್ತದೆ, ಮತ್ತು ಆ ಅಳತೆಗೆ ಶಾಸ್ತ್ರ ಬಳಸುವ ಪದ ನೊಗದ ಉದ್ದವನ್ನು ಸೂಚಿಸುವ ‘ಯುಗ’ ಎಂಬುದು. ಎಚ್ಚರದ ಮಟ್ಟವನ್ನು ನೊಗದಿಂದ ಅಳೆದ ಈ ಮಾತು ಬಂಡಿಗಳ ನಾಡಿಗೆ ಸಹಜವಾಗಿಯೇ ಒಪ್ಪುತ್ತದೆ. ಧರ್ಮದ ಕಟ್ಟಳೆಯೊಂದನ್ನು ಕಾನೂನಿನ ಕಟ್ಟಳೆಯೊಡನೆ ಬೆರೆಸಿಬಿಡುವುದು ಸರಿಯಲ್ಲವೆಂಬ ಆಕ್ಷೇಪಕ್ಕೆ ಎಡೆಯಿದೆ. ಆದರೂ ಇಂದಿನ ನ್ಯಾಯಾಲಯಗಳು ಚಾಲಕನೊಬ್ಬನ ಎಚ್ಚರವನ್ನು ಅಳೆಯುವಾಗ ಕೇಳುವ ಪ್ರಶ್ನೆ, ಅಂದರೆ ಆತ ತನ್ನ ಮುಂದೆ ಎಷ್ಟು ದೂರ ನೋಡಬೇಕಾಗಿತ್ತು ಮತ್ತು ನೋಡಿದನೇ ಎಂಬುದು, ಇದಕ್ಕಿಂತ ಬಹಳ ದೂರದ್ದೇನಲ್ಲ.

ಲೌಕಿಕ ವ್ಯವಹಾರದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ ಗ್ರಂಥ ಕನ್ನಡನಾಡಿನಲ್ಲೇ ಹುಟ್ಟಿತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನ, ಮುಂದೆ ಮುಂಬೈ ಪ್ರಾಂತ್ಯದ ಕೋರ್ಟುಗಳಲ್ಲೂ ಆಧಾರಗ್ರಂಥವೆನಿಸಿತು. ಆ ಸ್ಮೃತಿಯ ಪ್ರಕಾರ ಎತ್ತಿನ ಮೂಗುದಾರ ಹರಿದು, ನೊಗ ಮುರಿದು, ಅಥವಾ ಬಂಡಿ ಹಿಮ್ಮುಖವಾಗಿ ಜಾರಿ ಯಾರಿಗಾದರೂ ಪೆಟ್ಟಾದರೆ ಯಜಮಾನನಿಗೆ ದೋಷವಿಲ್ಲ. ಆದರೆ ಕೋಡು ಮತ್ತು ಕೋರೆಹಲ್ಲಿನ ಪ್ರಾಣಿಗಳಿಂದ ಇನ್ನೊಬ್ಬನನ್ನು ಬಿಡಿಸಲು ಶಕ್ತನಾಗಿದ್ದೂ ಸುಮ್ಮನಿದ್ದ ಒಡೆಯನಿಗೆ ‘ಪ್ರಥಮ ಸಾಹಸ’ವೆಂಬ, ಅದೇ ಸ್ಮೃತಿಯ ಲೆಕ್ಕದಲ್ಲಿ 270 ಪಣಗಳ ದಂಡ ಬೀಳುತ್ತದೆ, ಪೆಟ್ಟು ತಿನ್ನುತ್ತಿದ್ದವನು ಕೂಗಿಕೊಂಡರೂ ಬಾರದಿದ್ದರೆ ದಂಡ ಇಮ್ಮಡಿಯಾಗುತ್ತದೆ. ತಪ್ಪಿಸಲಾಗದ ಅವಘಡ ಬೇರೆ, ತಪ್ಪಿಸಬಹುದಾಗಿದ್ದ ಅವಘಡ ಬೇರೆ ಎಂಬ ಭೇದ ಇಲ್ಲಿ ಖಚಿತವಾಗಿ ಕಾಣುತ್ತದೆ. ಹೊಡೆದಾಟದ ಪ್ರಕರಣಗಳಲ್ಲಿ ಗಾಯಾಳುವಿಗೆ ಸಲ್ಲಬೇಕಾದ ಔಷಧೋಪಚಾರದ ವೆಚ್ಚಕ್ಕೆ ಆ ಗ್ರಂಥ ‘ಸಮುತ್ಥಾನ’ ಎಂಬ ಮಾತನ್ನು, ಅಂದರೆ ಮತ್ತೆ ಎದ್ದು ನಿಲ್ಲುವುದೆಂಬ ಅರ್ಥದ ಮಾತನ್ನು, ಬಳಸುತ್ತದೆ. ಪರಿಹಾರದ ಗುರಿಯನ್ನು ಇಷ್ಟು ಚಿಕ್ಕದಾಗಿ ಹೇಳಿದ ಪದ ಇಂದಿನ ಕಾಯಿದೆಗಳಲ್ಲಿ ಸಿಗುವುದು ಕಷ್ಟ. ಆದರೆ ದಂಡ ಹೋಗುತ್ತಿದ್ದದ್ದು ಅರಸನ ಬೊಕ್ಕಸಕ್ಕೆ. ಸತ್ತವನ ಕುಟುಂಬಕ್ಕೆ ನೆಲೆ ಕಲ್ಪಿಸಿದ ಪದ್ಧತಿಗೆ ಕನ್ನಡ ಶಾಸನಗಳಲ್ಲಿ ‘ನೆತ್ತರುಗೊಡಗೆ’ ಎಂಬ ಹೆಸರಿದೆ: ಕಾಳಗದಲ್ಲಿ ಮಡಿದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ ಅದು. ಅದು ವೀರನ ಮನೆಗೆ ಸಲ್ಲುತ್ತಿತ್ತೇ ಹೊರತು ಬಂಡಿಯಡಿ ಸಿಕ್ಕ ಕೂಲಿಯ ಮನೆಗಲ್ಲ.

ಸತ್ತವನ ಮನೆಯವರು ಕೋರ್ಟಿನಲ್ಲಿ ಹಣ ಕೇಳಬಹುದೆಂಬ ಹಕ್ಕು ಬಂದದ್ದು 1855ರ ಪ್ರಾಣಾಂತಿಕ ಅಪಘಾತಗಳ ಕಾಯಿದೆಯಿಂದ. ಅದು ಇಂಗ್ಲೆಂಡಿನಲ್ಲಿ 1846ರಲ್ಲಿ ಬಂದಿದ್ದ, ಲಾರ್ಡ್ ಕ್ಯಾಂಪ್‌ಬೆಲ್ಲನ ಕಾಯಿದೆಯೆಂದೇ ಹೆಸರಾದ ಶಾಸನದ ಮಾದರಿಯದು. ರೈಲು ಹಬ್ಬುತ್ತಿದ್ದ ಕಾಲಕ್ಕೆ ಅದರ ಅಗತ್ಯವೂ ಇತ್ತು. ಅಲಕ್ಷ್ಯದಿಂದ ಸಾವು ತಂದವನನ್ನು ಶಿಕ್ಷಿಸುವ 304-ಎ ಕಲಮು ದಂಡಸಂಹಿತೆಗೆ 1870ರಲ್ಲಿ ಸೇರಿತು. ಕಾಗದದ ಮೇಲೆ ಈ ಎರಡು ದಾರಿಗಳಿದ್ದರೂ, ಚಿಕ್ಕೋಡಿ ಸೀಮೆಯ ಕೂಲಿಯವನಿಗೆ ಸಿವಿಲ್ ದಾವೆಯ ದಾರಿ ಮುಚ್ಚಿದ್ದಂತೆಯೇ: ಕೇಳಿದ ಮೊತ್ತಕ್ಕೆ ತಕ್ಕ ಕೋರ್ಟು ಶುಲ್ಕ ಕಟ್ಟಬೇಕು, ಎದುರಾಳಿಯ ತಪ್ಪನ್ನು ತಾನೇ ರುಜುವಾತುಪಡಿಸಬೇಕು, ಮೇಲ್ಮನವಿಯೆಂದರೆ ಮುಂಬೈ. ಅದರ ಮೇಲೆ ಇಂಗ್ಲಿಷ್ ನ್ಯಾಯದ ಮೂರು ಅಡ್ಡಗೋಡೆಗಳು: ಜೊತೆಯ ಕೆಲಸಗಾರನ ತಪ್ಪಿಗೆ ಮಾಲೀಕ ಹೊಣೆಯಲ್ಲ, ಅಪಾಯ ತಿಳಿದೇ ಕೆಲಸಕ್ಕೆ ಬಂದವನು ದೂರುವಂತಿಲ್ಲ, ಗಾಯಾಳುವಿನದೂ ಕೊಂಚ ತಪ್ಪಿದ್ದರೆ ಅವನಿಗೆ ಏನೂ ಇಲ್ಲ.

ಈ ಗೋಡೆಗಳನ್ನು ಒಡೆದದ್ದು 1923ರ ಕಾರ್ಮಿಕರ ನಷ್ಟ ಪರಿಹಾರ ಕಾಯಿದೆ. ಅದು 1924ರ ಜುಲೈ 1ರಂದು ಜಾರಿಗೆ ಬಂತು. ಕೆಲಸದ ನಿಮಿತ್ತವಾಗಿ, ಕೆಲಸದ ಅವಧಿಯಲ್ಲಿ ಪೆಟ್ಟಾಯಿತೆಂದರೆ ಸಾಕು, ಮಾಲೀಕನ ತಪ್ಪನ್ನು ತೋರಿಸಬೇಕಾಗಿಲ್ಲವೆಂಬುದು ಅದರ ತಿರುಳು. ಸಾವಿಗೆ ಮೂವತ್ತು ತಿಂಗಳ ಕೂಲಿ ಅಥವಾ 2,500 ರೂಪಾಯಿ, ಯಾವುದು ಕಡಿಮೆಯೋ ಅದು. ಅದರ ಮೊದಲ ಅನುಸೂಚಿ, ಅಂದರೆ ಯಾವ ಅಂಗಕ್ಕೆ ಗಳಿಕೆಯ ಶೇಕಡಾ ಎಷ್ಟೆಂಬ ಪಟ್ಟಿ, ಓದಲು ವಿಚಿತ್ರವಾದರೂ ನಿಷ್ಠುರವಾದ ದಾಖಲೆ: ಮೊಣಕೈಯಿಂದ ಮೇಲೆ ಬಲಗೈ ಹೋದರೆ 70, ಎಡಗೈ ಹೋದರೆ 60, ಹೆಬ್ಬೆರಳಿಗೆ 25, ತೋರುಬೆರಳಿಗೆ 10, ಉಳಿದ ಬೆರಳಿಗೆ 5. ಬಲಗೈಗೊಂದು ದರ, ಎಡಗೈಗೊಂದು ದರವೆಂಬ ಈ ಲೆಕ್ಕವನ್ನು ಬರೆದವರು ಲೇಖನಿ ಹಿಡಿಯುವ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ ಏನೋ. ಗಾಣಕ್ಕೆ ಕಬ್ಬು ಊಡುವವನಿಗೆ ಎರಡೂ ಕೈ ಬೇಕು, ಕಬ್ಬು ಕಡಿಯುವವನಲ್ಲಿ ಕೊಯ್ತಾದ ಪೆಟ್ಟು ಬೀಳುವುದು ಜಲ್ಲೆ ಹಿಡಿದ ಎಡಗೈಗೇ. ಮುಂದೆ ಪಟ್ಟಿ ಪರಿಷ್ಕಾರಗೊಂಡು ಹೆಬ್ಬೆರಳಿಗೆ 30, ಇಡೀ ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರಬೆರಳಿಗೂ ಕಿರುಬೆರಳಿಗೂ 7 ಎಂದಾಯಿತು.

ಯಾರು ‘ಕಾರ್ಮಿಕ’ ಎಂಬುದನ್ನು ಅದೇ ಕಾಯಿದೆಯ ಎರಡನೆಯ ಅನುಸೂಚಿ ಹೇಳುತ್ತಿತ್ತು. ಬೇಸಾಯದಲ್ಲಿ ದುಡಿಯುವವರ ಪೈಕಿ ಟ್ರ್ಯಾಕ್ಟರ್ ಅಥವಾ ಯಂತ್ರಶಕ್ತಿಯಿಂದ, ವಿದ್ಯುತ್ತಿನಿಂದ ನಡೆಯುವ ಸಲಕರಣೆಗಳ ಕೆಲಸದಲ್ಲಿರುವವರು ಅದರೊಳಗೆ ಸೇರಿದರು. ಎತ್ತು ತಿರುಗಿಸುವ ಗಾಣದವನು, ಕೊಯ್ತಾ ಹಿಡಿದವನು ಆ ಬಾಬಿಗೆ ಸೇರಲಿಲ್ಲ. 1939ರಲ್ಲಿ ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು, ಸ್ವಾತಂತ್ರ್ಯಾನಂತರ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳಲ್ಲಿ ಸಹಕಾರಿ ಕಾರ್ಖಾನೆಗಳೂ ಎದ್ದವು, ಕಬ್ಬಿನ ಆರ್ಥಿಕತೆ ಕೃಷ್ಣಾ ತೀರವನ್ನೆಲ್ಲ ಆವರಿಸಿತು. ಆದರೂ 1948ರ ನೌಕರರ ರಾಜ್ಯ ವಿಮಾ ಕಾಯಿದೆ ಹಂಗಾಮಿ ಕಾರ್ಖಾನೆಗಳನ್ನು ಹೊರಗಿಟ್ಟಿತು, ಮತ್ತು ಹಂಗಾಮಿಯೆಂಬ ವ್ಯಾಖ್ಯೆಯಲ್ಲಿ ಸಕ್ಕರೆಯನ್ನೂ ಬೆಲ್ಲವನ್ನೂ ಹೆಸರಿಸಿಯೇ ಸೇರಿಸಿತು. ಹೀಗಾಗಿ ನಗರದ ಗಿರಣಿ ಕಾರ್ಮಿಕನಿಗೆ ವಿಮಾ ಆಸ್ಪತ್ರೆಯ ಬಾಗಿಲು ತೆರೆದಾಗ ಈ ಸೀಮೆಯ ಮುಖ್ಯ ಉದ್ಯಮದವರು ಹಳೆಯ 1923ರ ಕಾಯಿದೆಯಲ್ಲೇ ಉಳಿದರು. ಹೊಲದಲ್ಲಿ ಕಬ್ಬು ಕಡಿಯುವ ಕೂಲಿಗುಂಪಾದ ಟೋಳಿಯವರ ಪಾಡು ಅದಕ್ಕಿಂತ ಜಟಿಲ: ಮುಕದ್ದಮನು ಮುಂಗಡ ಕೊಟ್ಟು ಕರೆತಂದ ಕೂಲಿಗೆ ಮಾಲೀಕ ಯಾರು? ಗುತ್ತಿಗೆದಾರನ ಆಳುಗಳಿಗೆ ಮೂಲ ಯಜಮಾನನೇ ಹೊಣೆಯೆಂದು 1923ರ ಕಾಯಿದೆಯ 12ನೆಯ ಕಲಮು ಹೇಳುತ್ತಿತ್ತು, ಆದರೆ ಅಪಘಾತ ಆ ಯಜಮಾನನ ಹತೋಟಿಯ ಆವರಣದಾಚೆ ನಡೆದರೆ ಆ ಹೊಣೆ ಇಲ್ಲವೆಂದು ಅದೇ ಕಲಮಿನ ಕೊನೆಯ ಮಾತು. ಕಬ್ಬಿನ ಹೊಲ ರೈತನದು, ಕಾರ್ಖಾನೆಯ ಆವರಣ ಎಷ್ಟೋ ಮೈಲಿಯಾಚೆ.

ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಇದಕ್ಕಿಂತ ನಿಧಾನವಾದ ಗಾಯವಿದೆ. ತಂಬಾಕನ್ನು ಬಡಿದು, ಜರಡಿಯಾಡಿಸಿ, ವಿಂಗಡಿಸುವ ಹೆಂಗಸರು ದಿನವಿಡೀ ಉಸಿರಾಡುವುದು ಆ ದೂಳನ್ನೇ. ಅವರ ಸಂಘಟನೆಯ ಹೋರಾಟವನ್ನು ಯುಗಾಂತರ್ ಎಂಬ ಮಹಿಳಾ ಚಿತ್ರತಂಡ 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರವಾಗಿ ಮಾಡಿತು. 1923ರ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿ ಕೆಲಸದಿಂದ ಬರುವ ರೋಗಗಳನ್ನು ಪಟ್ಟಿ ಮಾಡಿತ್ತು, ಮತ್ತು ಪಟ್ಟಿಯಲ್ಲಿರುವ ರೋಗ ಬಂದರೆ ಅದನ್ನು ಅಪಘಾತವೆಂದೇ ಎಣಿಸುತ್ತಿತ್ತು. ಕಬ್ಬಿನ ಸಿಪ್ಪೆಯ ದೂಳಿನಿಂದ ಬರುವ ‘ಬಗಾಸೋಸಿಸ್’ ಎಂಬ ಶ್ವಾಸಕೋಶದ ರೋಗ ಅಲ್ಲಿತ್ತು, ಹತ್ತಿಯ ದೂಳಿನ ರೋಗವಿತ್ತು; ತಂಬಾಕಿನ ದೂಳಿನ ರೋಗಕ್ಕೆ ಅಲ್ಲಿ ತನ್ನದೇ ಆದ ಹೆಸರಿರಲಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಕೆಲಸದ ಹೊತ್ತು, ರಜೆ, ಶುಚಿತ್ವಗಳನ್ನು ಗೊತ್ತುಪಡಿಸಿತು. ಗಳಿಗೆಯಲ್ಲಿ ಮುರಿದ ಎಲುಬಿಗೆ ದರ ಕಟ್ಟುವುದನ್ನು ಬಲ್ಲ ಕಾನೂನು, ಇಪ್ಪತ್ತು ವರ್ಷ ತೆಗೆದುಕೊಂಡ ಗಾಯಕ್ಕೆ ಇಂದಿಗೂ ತಡವರಿಸುತ್ತದೆ.

ಮೋಟಾರು ವಾಹನಗಳ ಕಥೆ ಇದಕ್ಕಿಂತ ವೇಗದ್ದು. 1939ರ ಮೋಟಾರು ವಾಹನ ಕಾಯಿದೆಯ ಎಂಟನೆಯ ಅಧ್ಯಾಯ 1946ರ ಜುಲೈ 1ರಂದು ಜಾರಿಗೆ ಬಂದಾಗ ‘ತೃತೀಯ ಪಕ್ಷ’ದ ವಿಮೆ ಕಡ್ಡಾಯವಾಯಿತು: ವಿಮಾ ಕಂಪನಿ ಮತ್ತು ವಾಹನದ ಮಾಲೀಕ, ಇವರಿಬ್ಬರ ಕರಾರಿನ ಹೊರಗಿದ್ದೂ ಆ ವಾಹನದಿಂದ ಪೆಟ್ಟು ತಿಂದವನೇ ತೃತೀಯ ಪಕ್ಷ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಅದೇ ವರ್ಷದ ತಿದ್ದುಪಡಿ ಅಪಘಾತ ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗಳಿಗೆ ದಾರಿ ಮಾಡಿತು. ದೊಡ್ಡ ಕೋರ್ಟು ಶುಲ್ಕವಿಲ್ಲದೆ, ಸರಳ ಅರ್ಜಿಯ ಮೇಲೆ, ಜಿಲ್ಲಾ ನ್ಯಾಯಾಧೀಶರ ಮಟ್ಟದವರೇ ವಿಚಾರಿಸುವ ಈ ಏರ್ಪಾಟು ಮುಂದೆ ತಾಲೂಕಿನ ಹಿರಿಯ ಸಿವಿಲ್ ನ್ಯಾಯಾಧೀಶರವರೆಗೂ ಇಳಿಯಿತು, ‘ಕ್ಲೇಮು ಹಾಕುವುದು’ ಎಂಬ ಮಾತು ಹಳ್ಳಿಗಳ ಕಟ್ಟೆಗೆ ಬಂತು. ಮೇಲ್ಮನವಿ ಮಾತ್ರ ಮುಂಬೈ ಬಿಟ್ಟು ಇನ್ನೂ ದೂರದ ಬೆಂಗಳೂರಿಗೆ ಹೋಯಿತು. ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ 2008ರಲ್ಲಿ ಆರಂಭವಾಗಿ 2013ರಲ್ಲಿ ಕಾಯಂ ಪೀಠವಾಗುವವರೆಗೆ ಐವತ್ತು ವರ್ಷಕ್ಕೂ ಮೇಲ್ಪಟ್ಟು ಹಾಗೆಯೇ ನಡೆಯಿತು.

ಮಂಡಳಿಗಳು ಬಂದರೂ ಅಲಕ್ಷ್ಯವನ್ನು ರುಜುವಾತುಪಡಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ಹೇಳಿತು. ಅದಕ್ಕೆ ಉತ್ತರವೆಂಬಂತೆ 1982ರ ತಿದ್ದುಪಡಿ ‘ತಪ್ಪಿಲ್ಲದ ಹೊಣೆ’ಯನ್ನು ತಂದಿತು: ಯಾರ ತಪ್ಪೆಂಬ ವಿಚಾರಣೆಗೂ ಮೊದಲೇ ಸಾವಿಗೆ 15,000, ಕಾಯಂ ಊನಕ್ಕೆ 7,500 ರೂಪಾಯಿ. ಈ ಮೊತ್ತ 1988ರ ಕಾಯಿದೆಯಲ್ಲಿ 25,000 ಮತ್ತು 12,000 ಆಯಿತು, 1994ರಲ್ಲಿ 50,000 ಮತ್ತು 25,000 ಆಯಿತು. 2019ರ ತಿದ್ದುಪಡಿಯ ಹೊಸ 164ನೆಯ ಕಲಮಿನಲ್ಲಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಬಡಿದು ಓಡಿಹೋದ ವಾಹನದ ಪ್ರಕರಣಗಳಲ್ಲಿ ಸಾವಿಗೆ ಬಹುಕಾಲ 25,000 ರೂಪಾಯಿಯೇ ಇತ್ತು. 2022ರ ಯೋಜನೆ ಅದನ್ನು 2 ಲಕ್ಷಕ್ಕೆ, ತೀವ್ರ ಗಾಯಕ್ಕೆ 50,000ಕ್ಕೆ ಏರಿಸಿತು. ಪುಣೆ-ಬೆಂಗಳೂರು ಹೆದ್ದಾರಿಯ ತವಂದಿ ಘಾಟಿನ ಇಳಿಜಾರಿನ ಆಚೀಚೆಗಿನ ಊರುಗಳಿಗೆ ಇದು ಬರಿಯ ಅಂಕಿಯಲ್ಲ.

ಈ ಸೀಮೆಯ ನಿಜವಾದ ತೊಡಕು ಕಬ್ಬಿನ ಟ್ರ್ಯಾಕ್ಟರಿನದು. ಟ್ರ್ಯಾಕ್ಟರಿನಲ್ಲಿ ಕಾನೂನು ಕಾಣುವ ಆಸನ ಒಂದೇ, ಚಾಲಕನದು. ಹಿಂದಿನ ಟ್ರೇಲರುಗಳ ಮೇಲೆ, ಹೇರಿದ ಕಬ್ಬಿನ ನೆತ್ತಿಯ ಮೇಲೆ ಕುಳಿತು ಬರುವ ಟೋಳಿಯವರಿಗೆ ಅಲ್ಲಿ ಸ್ಥಾನವಿಲ್ಲ. ಅವರು ಬಿದ್ದು ಸತ್ತಾಗ ನ್ಯಾಯಮಂಡಳಿಯ ಮುಂದೆ ಮೂರು ಹೆಸರುಗಳು ಸಾಲಾಗಿ ನಿಲ್ಲುತ್ತವೆ. ವಾಹನದ ಮಾಲೀಕನ ಕೂಲಿಯ ಹಮಾಲನಾಗಿ ಸರಕಿನ ವಾಹನದಲ್ಲಿ ಹೋಗುತ್ತಿದ್ದನೆಂದರೆ, 1988ರ ಕಾಯಿದೆಯಲ್ಲಿ 2022ರವರೆಗೆ ಜಾರಿಯಲ್ಲಿದ್ದ 147ನೆಯ ಕಲಮಿನಡಿ, ಕಾರ್ಮಿಕ ಪರಿಹಾರದ ಮಿತಿಯಲ್ಲಿ, ವಿಮೆಯ ಆಶ್ರಯವಿತ್ತು. ಸರಕಿನ ಒಡೆಯ ಅಥವಾ ಅವನ ಅಧಿಕೃತ ಪ್ರತಿನಿಧಿಯೆಂದರೆ 1994ರ ತಿದ್ದುಪಡಿಯಿಂದ ಆಶ್ರಯವುಂಟು. ಎರಡೂ ಅಲ್ಲದೆ ಬಿಟ್ಟಿ ಪ್ರಯಾಣಿಕನೆಂದರೆ ಇಲ್ಲ. ಬಿಟ್ಟಿ ಪ್ರಯಾಣಿಕನಿಗೂ ವಿಮಾ ಕಂಪನಿ ಕೊಡಬೇಕೆಂದು ಒಮ್ಮೆ ಹೇಳಿದ್ದ ಸರ್ವೋಚ್ಚ ನ್ಯಾಯಾಲಯ, ಕೆಲವೇ ವರ್ಷಗಳಲ್ಲಿ, 2002ರ ಡಿಸೆಂಬರಿನಲ್ಲಿ, ಮೂವರು ನ್ಯಾಯಮೂರ್ತಿಗಳ ಪೀಠದಿಂದ ಆ ಮಾತನ್ನು ಹಿಂದಕ್ಕೆ ಪಡೆಯಿತು. ಟೋಳಿಯ ಹೆಂಗಸು ಅಡುಗೆಯ ಪಾತ್ರೆ, ಕೈಗೂಸುಗಳೊಡನೆ ಹೇರಿನ ಮೇಲೆ ಕುಳಿತಿದ್ದಾಗ ಅವಳು ಹಮಾಲಳೋ, ಪ್ರತಿನಿಧಿಯೋ, ಬಿಟ್ಟಿಯೋ ಎಂಬುದನ್ನು ಪಂಚನಾಮೆಯ ಒಂದು ಸಾಲು ತೀರ್ಮಾನಿಸಿಬಿಡಬಹುದು. ‘ಬಿಟ್ಟಿ’ ಎಂಬ ಮಾತಿಗೆ ಕನ್ನಡದಲ್ಲಿ ಕೂಲಿಯಿಲ್ಲದೆ ಮಾಡಿಸಿಕೊಂಡ ದುಡಿಮೆಯೆಂಬ ಅರ್ಥವೂ ಇದೆಯೆಂಬುದು ಇಲ್ಲಿ ನೆನಪಾಗದೆ ಇರದು.

ನ್ಯಾಯಾಲಯಗಳು ಈ ಬಿಗಿಯನ್ನು ಅಲ್ಲಲ್ಲಿ ಸಡಿಲಿಸಿವೆ. ಟ್ರ್ಯಾಕ್ಟರಿನ ಪರವಾನಗಿಯಿದ್ದ ಚಾಲಕ ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಪರವಾನಗಿಯಿಲ್ಲದವನಾಗುವುದಿಲ್ಲವೆಂದು 2001ರಲ್ಲಿ, ಕರ್ನಾಟಕದಿಂದಲೇ ಹೋದ ಮೇಲ್ಮನವಿಯೊಂದರಲ್ಲಿ, ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2007ರಲ್ಲಿ, ಇಟ್ಟಿಗೆ ಭಟ್ಟಿಗೆ ಮಣ್ಣು ಸಾಗಿಸುವ ಟ್ರ್ಯಾಕ್ಟರಿನ ಟ್ರೇಲರಿನಲ್ಲಿದ್ದ ಕೂಲಿಯ ಪ್ರಕರಣದಲ್ಲಿ, ಬೇಸಾಯಕ್ಕಷ್ಟೇ ವಿಮೆಯಿದ್ದುದರಿಂದ ಕಂಪನಿಗೆ ಹೊಣೆಯಿಲ್ಲವೆಂದರೂ, ಬಡವನಿಗೆ ಮೊದಲು ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಸಂವಿಧಾನದ 142ನೆಯ ವಿಧಿಯಡಿ ಆದೇಶಿಸಿತು. ‘ಕೊಟ್ಟು ವಸೂಲು ಮಾಡು’ ಎಂಬ ಈ ಸೂತ್ರ ದಯೆಯ ಮೇಲೆ ನಿಂತದ್ದು, ಹಕ್ಕಿನ ಮೇಲಲ್ಲ; ಮಂಡಳಿಯಿಂದ ಮಂಡಳಿಗೆ ಅದರ ಫಲ ಬೇರೆಯಾಗುವುದು ಅದರಿಂದಲೇ.

ಎತ್ತಿನ ಬಂಡಿಯ ವಿಷಯದಲ್ಲಿ ಅಷ್ಟು ದಯೆಗೂ ಎಡೆಯಿಲ್ಲ. ಇಳಕಲ್ಲಿನಿಂದ ಗುಡೂರಿನ ಕಡೆ, ಬೇರೊಬ್ಬರಿಂದ ಎರವಲು ಪಡೆದ ಮೋಟಾರು ಸೈಕಲ್ಲಿನಲ್ಲಿ ಹೊರಟವನೊಬ್ಬ, ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಬಂಡಿ ಥಟ್ಟನೆ ನಿಂತಾಗ ಅದಕ್ಕೆ ಬಡಿದು ಸತ್ತ ಪ್ರಕರಣ 2009ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಬಂಡಿ ಮೋಟಾರು ವಾಹನವಲ್ಲವಾದ್ದರಿಂದ ಅದಕ್ಕೆ ಕಡ್ಡಾಯ ವಿಮೆಯಿಲ್ಲ. ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುವುದರಿಂದ 163-ಎ ಕಲಮಿನಡಿ ಮೋಟಾರು ಸೈಕಲ್ಲಿನ ವಿಮೆಯನ್ನು ಕೇಳುವಂತಿಲ್ಲವೆಂದ ನ್ಯಾಯಾಲಯ, 166ನೆಯ ಕಲಮಿನಡಿ ಪರಿಶೀಲಿಸಲು ಪ್ರಕರಣವನ್ನು ಉಚ್ಚ ನ್ಯಾಯಾಲಯಕ್ಕೆ ಮರಳಿಸಿತು. ವಿಜ್ಞಾನೇಶ್ವರನ ಕಾಲದಿಂದ ಚರ್ಚೆಯಲ್ಲಿದ್ದ ಬಂಡಿಗೆ, ಹಂಗಾಮಿನ ರಾತ್ರಿಗಳಲ್ಲಿ ಹಿಂದೀಪವಿಲ್ಲದೆ ಸಾಲುಗಟ್ಟಿ ಕಾರ್ಖಾನೆಯತ್ತ ಸಾಗುವ ಬಂಡಿಗೆ, ಇಂದಿಗೂ ವಿಮೆಯ ಚೀಟಿಯಿಲ್ಲ.

ಹಣದ ಲೆಕ್ಕಕ್ಕೆ ಒಂದು ಕ್ರಮ ಬಂದದ್ದು 2009ರ ಸರಳಾ ವರ್ಮಾ ತೀರ್ಪಿನಿಂದ. ಸತ್ತವನ ವರ್ಷದ ಗಳಿಕೆಯಲ್ಲಿ ಅವನ ಸ್ವಂತ ಖರ್ಚನ್ನು ಕಳೆದು, ಉಳಿದುದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುವುದು: ಇಪ್ಪತ್ತೈದರೊಳಗಿನವನಿಗೆ 18, ನಲವತ್ತರವನಿಗೆ 15, ಅರವತ್ತೈದು ದಾಟಿದವನಿಗೆ 5. ಸಂಬಳದ ಚೀಟಿಯಿಲ್ಲದವರ ಗಳಿಕೆಗೂ ಮುಂದಿನ ಏರಿಕೆಯನ್ನು, ನಲವತ್ತರೊಳಗಿದ್ದರೆ ಶೇಕಡಾ 40ರಷ್ಟು, ಸೇರಿಸಬೇಕೆಂದು 2017ರ ಪ್ರಣಯ್ ಸೇಠಿ ತೀರ್ಪಿನಲ್ಲಿ ಸಂವಿಧಾನ ಪೀಠ ಹೇಳಿತು. ಕೂಲಿಯವನಿಗೆ ದಾಖಲೆ ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಉತ್ತರ ಅದಕ್ಕೂ ಮೊದಲು, 2011ರಲ್ಲಿ, ಕರ್ನಾಟಕದ ಕೂಲಿಯೊಬ್ಬನ ಮೇಲ್ಮನವಿಯಲ್ಲಿ ಸಿಕ್ಕಿತ್ತು: 2004ರ ಕಾಲಕ್ಕೆ ತಿಂಗಳಿಗೆ 4,500 ರೂಪಾಯಿಯೆಂಬ ಅವನ ಮಾತನ್ನು ಕಾಗದವಿಲ್ಲವೆಂಬ ಕಾರಣಕ್ಕೆ ತಳ್ಳಿಹಾಕಬಾರದೆಂದು ನ್ಯಾಯಾಲಯ ಹೇಳಿತು. ಮನೆಯ ಹೆಂಗಸಿನ ದುಡಿಮೆಯನ್ನು 2001ರಲ್ಲಿ ತಿಂಗಳಿಗೆ 3,000 ರೂಪಾಯಿ ಎಂದು ಎಣಿಸಿದ್ದ ಸರ್ವೋಚ್ಚ ನ್ಯಾಯಾಲಯ, ಗೃಹಿಣಿಯ ಅಂದಾಜು ಗಳಿಕೆಗೂ ಮುಂದಿನ ಏರಿಕೆ ಸಲ್ಲುತ್ತದೆಂದು 2021ರಲ್ಲಿ ಒಪ್ಪಿತು.

ಗಡಿಯ ಜನಕ್ಕೆ ಇವೆಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು 1994ರ ತಿದ್ದುಪಡಿಯ ಒಂದು ಪುಟ್ಟ ಉಪಕಲಮು. ಅದಕ್ಕೆ ಮೊದಲು ಕ್ಲೇಮು ಹಾಕಬೇಕಾದದ್ದು ಅಪಘಾತ ನಡೆದ ಜಾಗದ ಮಂಡಳಿಯಲ್ಲಿ; ಕಾಗಲದಲ್ಲೋ ಇಚಲಕರಂಜಿಯಲ್ಲೋ ಮೀರಜದಲ್ಲೋ ಪೆಟ್ಟು ತಿಂದ ಭೋಜದವನು ಇನ್ನೊಂದು ರಾಜ್ಯದ ಕೋರ್ಟಿಗೆ ಅಲೆಯಬೇಕಾಗಿತ್ತು. ಆ ತಿದ್ದುಪಡಿಯಿಂದ ಅರ್ಜಿದಾರ ತಾನು ವಾಸಿಸುವ ಊರಿನ ಮಂಡಳಿಯಲ್ಲೇ ಅರ್ಜಿ ಹಾಕುವಂತಾಯಿತು. ಅದೇ ತಿದ್ದುಪಡಿ ಅರ್ಜಿಯ ಗಡುವನ್ನೂ ತೆಗೆದುಹಾಕಿತ್ತು. 2019ರ ತಿದ್ದುಪಡಿ ಗಡುವನ್ನು ಮರಳಿ ತಂದಿತು, ಅದು 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು: ಅಪಘಾತ ನಡೆದ ದಿನದಿಂದ ಆರು ತಿಂಗಳು. ಹಂಗಾಮಿನ ಆರಂಭದಲ್ಲಿ, ನವೆಂಬರಿನಲ್ಲಿ ಟ್ರೇಲರಿನಿಂದ ಬಿದ್ದವನ ಗಡುವು ಮೇ ತಿಂಗಳಿಗೆ ತೀರುತ್ತದೆ; ಅಷ್ಟರಲ್ಲಿ ಕಾರ್ಖಾನೆಗಳು ನಿಂತು, ಟೋಳಿಗಳು ಲೆಕ್ಕ ಚುಕ್ತಾ ಮಾಡಿಕೊಂಡು ತಮ್ಮ ಊರುಗಳಿಗೆ ಹೊರಟುಹೋಗಿರುತ್ತವೆ.